ಪ್ರತಿ: ಆರ್ಕ್ಟಿಕ್‌ನಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿಗೆ ಕಳಿಸಬೇಕಿದ್ದ ಮಣ್ಣಿನ ತಾಪಮಾನ ಲಾಗರ್ (ತಾಪಮಾನ ದಾಖಲಿಸುವ ಸಾಧನ) ಬೇಡ ಅಂದಿದ್ದೇಕೆ?

ಕಾರಣ ಬಹುಶಃ ಅದರ ಬ್ಲೂಟೂತ್. ಸಾಧನದಲ್ಲಿ ಏನು ದೋಷ ಅಂತ ಕೇಳಿದ್ದೀರಿ. ದೋಷ ಏನಿಲ್ಲ, ಆ ಜಾಗದ ನಿಯಮ ಹಾಗಿದೆ. ಹಿಮಾದ್ರಿ ಇರುವ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಊರಿನ ಸುತ್ತ 20 ಕಿ.ಮೀ. ಒಳಗೆ 2ರಿಂದ 32 ಗಿಗಾಹರ್ಟ್ಸ್ ನಡುವೆ ಅನುಮತಿ ಇಲ್ಲದೆ ಯಾವ ಸಿಗ್ನಲ್ಲೂ ಬಿಡುವಂತಿಲ್ಲ. ಬ್ಲೂಟೂತ್ 2.4ರಲ್ಲಿ ಬರುತ್ತೆ. ಅಲ್ಲಿನ ನಾರ್ವೆ ಆಂಟೆನಾಗಳು ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳ (ಬಹಳ ಪ್ರಕಾಶಮಾನವಾದ ಗೆಲಾಕ್ಸಿ ಕೇಂದ್ರಗಳು) ಕ್ಷೀಣ ರೇಡಿಯೋ ಅಲೆ ಹಿಡಿದು, ನೆಲ ಎಷ್ಟು ಮೇಲೇಳುತ್ತಿದೆ ಅಂತ ಅಳೆಯುತ್ತವೆ. ಹಿಮನದಿ ಕರಗಿ ಭಾರ ಇಳಿದಂತೆ ನೆಲ ಏಳುತ್ತದೆ. ಅದು ಗೊತ್ತಿಲ್ಲದೆ ಸಮುದ್ರಮಟ್ಟದ ಲೆಕ್ಕ ಸರಿಹೋಗಲ್ಲ. ಹಲವು ದೇಶದವರು ಒಂದೇ ಊರಲ್ಲಿ ಕೆಲಸ ಮಾಡುವಾಗ ಈ ಶಿಸ್ತು ಬೇಕೇ ಬೇಕು.

ಮೊದಲು ಬ್ಲೂಟೂತ್ ಪೂರ್ತಿ ಆಫ್ ಆಗುತ್ತಾ ನೋಡಿ. ನಾವು ಪರೀಕ್ಷಿಸಿದ ಒಂದು ಲಾಗರ್, ಆಪ್‌ನಲ್ಲಿ ಆಫ್ ಅಂತ ತೋರಿಸುತ್ತಲೇ ಸಿಗ್ನಲ್ ಬಿಡುತ್ತಿತ್ತು. ಫೋನ್‌ಗೆ ಬ್ಲೂಟೂತ್ ಸ್ಕ್ಯಾನರ್ ಆಪ್ ಹಾಕಿ, ಲಾಗರ್ ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಪಟ್ಟಿಯಲ್ಲಿ ಅದರ ಹೆಸರು ಬಂದರೆ ಆ ಮಾದರಿ ಬಿಟ್ಟುಬಿಡಿ, ಯುಎಸ್‌ಬಿ ಕೇಬಲ್‌ನಿಂದ ಡೇಟಾ ತೆಗೆಯುವಂಥದ್ದು ತಗೊಳ್ಳಿ. ನಿಮ್ಮ ಮಾದರಿ ಯಾವುದು ಅಂತ ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಬ್ಯಾಟರಿಯೂ ನೋಡಿ: ಚಳಿಗೆ ಆಲ್ಕಲೈನ್ ಬೇಗ ಕೈಕೊಡುತ್ತೆ, ಲಿಥಿಯಂ ಹಾಕಿ.

ಆಮೇಲೆ ‘ರಿಸರ್ಚ್ ಇನ್ ಸ್ವಾಲ್ಬಾರ್ಡ್’ ಪೋರ್ಟಲ್‌ನಲ್ಲಿ ನಿಮ್ಮ ಯೋಜನೆಯ ನೋಂದಣಿ ತೆರೆದು ಸಾಧನದ ವಿವರ ಬದಲಿಸಿ. ಅದನ್ನೇ ಹಿಮಾದ್ರಿಯನ್ನು ನಡೆಸುವ ಗೋವಾದ ಧ್ರುವ ಸಂಶೋಧನಾ ಕೇಂದ್ರ ಎನ್‌ಸಿಪಿಒಆರ್‌ಗೂ ಬರೆದು ತಿಳಿಸಿ. ವೈರ್‌ಲೆಸ್ಸೇ ಬೇಕು ಅಂದರೆ ನಾರ್ವೆಯ ಸಂವಹನ ಪ್ರಾಧಿಕಾರದ ಅನುಮತಿ ಕೇಳಬೇಕು. ಮಣ್ಣಿನ ಲಾಗರ್‌ಗೆ ಅಷ್ಟು ಸುತ್ತಾಟ ಸುಮ್ನೆ, ಕೇಬಲ್ಲೇ ಸಾಕು. ಅಲ್ಲಿಗೆ ಹೋಗುವವರ ಫೋನ್, ಸ್ಮಾರ್ಟ್‌ವಾಚ್, ಇಯರ್‌ಬಡ್‌ಗೂ ಇದೇ ನಿಯಮ, ಹೊರಡುವ ಮುಂಚೆಯೇ ಹೇಳಿಬಿಡಿ.