ಸೆಕೆಂಡ್ ಹ್ಯಾಂಡ್ ಬೈಕಿನ ಅಲಾರಂ ತಾನಾಗೇ ಕೂಗುತ್ತದೆ, ರಿಮೋಟ್ ಒತ್ತಿದರೂ ನಿಲ್ಲಲ್ಲ. ಏನು ಮಾಡಲಿ?

ಮೊದಲು ರಿಮೋಟ್ ಬಿಚ್ಚಿ ಸೆಲ್ ನೋಡಿ. ಅಂಗಡಿಯಲ್ಲಿ ಹಾಕಿಸಿದ ಅಲಾರಂ ಆದರೆ ಅದರಲ್ಲಿ ಹೆಚ್ಚಾಗಿ 27ಎ ಅನ್ನೋ 12 ವೋಲ್ಟಿನ ಪುಟ್ಟ ಸೆಲ್ ಇರುತ್ತದೆ. ಸೆಲ್ ಕೂರುವ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಅದನ್ನು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಹೊಸ ಸೆಲ್ ಹಾಕಿದರೂ ಪ್ರಯೋಜನ ಇಲ್ಲ.

ಸುಮ್ನೆ ನಿಂತಲ್ಲೇ ಕೂಗುತ್ತಿದೆ ಅಂದರೆ ನನ್ನ ಅನುಮಾನ ಬೈಕಿನ ಬ್ಯಾಟರಿ ಮೇಲೆ. ಅಲಾರಂ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ, ನಾಲ್ಕು ದಿನ ಓಡಿಸದೆ ನಿಲ್ಲಿಸಿದರೆ ಹಳೇ ಬ್ಯಾಟರಿ ಇಳಿದುಹೋಗಿ ಯೂನಿಟ್ ತಲೆಕೆಟ್ಟಂತೆ ಆಡುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ. ಬೈಕ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು, 12ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ.

ಬ್ಯಾಟರಿ ಸರಿ ಇದ್ದರೆ ಶಾಕ್ ಸೆನ್ಸರ್ (ಬೈಕ್ ಅಲುಗಾಡಿದರೆ ಅಲಾರಂ ಕೂಗಿಸುವ ಭಾಗ) ಸೆನ್ಸಿಟಿವಿಟಿ ಕಡಿಮೆ ಮಾಡಿ, ರಿಮೋಟನ್ನು ಅಲಾರಂ ಜೊತೆ ಮತ್ತೆ ಪೇರ್ ಮಾಡಿಸಿ. ಮಾರಿದವರ ಹತ್ತಿರ ಇನ್ನೊಂದು ರಿಮೋಟ್ ಇದೆಯಾ ಅಂತ ಖಂಡಿತ ಕೇಳಿ, ನಿಮ್ಮ ಬೈಕಿನ ರಿಮೋಟ್ ಬೇರೆಯವರ ಕೈಯಲ್ಲಿ ಇರಬಾರದು ಅಲ್ವಾ?

ಇಷ್ಟಾದರೂ ಆಗದಿದ್ದರೆ ಅಲಾರಂ ತೆಗೆಸಿಬಿಡಿ. ಆದರೆ ನೀವೇ ವೈರ್ ಕತ್ತರಿಸಬೇಡಿ. ಇಗ್ನಿಷನ್ ವೈರ್ ಸಾಮಾನ್ಯವಾಗಿ ಅಲಾರಂ ರಿಲೇ (ಕರೆಂಟ್ ಬಿಡುವ, ತಡೆಯುವ ಸ್ವಿಚ್) ಮೂಲಕವೇ ಹೋಗಿರುತ್ತದೆ, ಅದನ್ನು ವಾಪಸ್ ಜೋಡಿಸದಿದ್ದರೆ ಬೈಕ್ ಸ್ಟಾರ್ಟೇ ಆಗಲ್ಲ.