‘ಎಲೆಕ್ಟ್’ ಎಂಬ ಇಂಗ್ಲಿಷ್ ಪದದ ಅರ್ಥವೇನು, ಅದರ ಮೂಲ ಯಾವುದು?

ಮತದಾನದ ಮೂಲಕ ಒಬ್ಬರನ್ನು ಹುದ್ದೆಗೆ ಆರಿಸುವುದು ‘ಎಲೆಕ್ಟ್’ ಪದದ ಪ್ರಚಲಿತ ಅರ್ಥವಾದರೂ, ಮತಪೆಟ್ಟಿಗೆಯ ಸಂಬಂಧವೇ ಇಲ್ಲದೆ, ಹಲವು ದಾರಿಗಳಲ್ಲಿ ಒಂದನ್ನು ಯೋಚಿಸಿ ಆರಿಸಿಕೊಳ್ಳುವುದಕ್ಕೂ ಅದು ಸಲ್ಲುತ್ತದೆ. ‘ಪ್ರೆಸಿಡೆಂಟ್ ಎಲೆಕ್ಟ್’ ಎಂಬಲ್ಲಿ ಅದು ವಿಶೇಷಣವಾಗಿ, ಆಯ್ಕೆಯಾಗಿದ್ದರೂ ಇನ್ನೂ ಅಧಿಕಾರ ವಹಿಸಿಕೊಳ್ಳದವರನ್ನು ಸೂಚಿಸುತ್ತದೆ.

ಇದರ ಮೂಲ ಲ್ಯಾಟಿನ್ನಿನ ‘ಎಲಿಗೆರೆ’, ಅಂದರೆ ‘ಹೊರಕ್ಕೆ ಆಯ್ದು ತೆಗೆ’. ಅದರೊಳಗಿನ ‘ಲೆಗೆರೆ’ ಕ್ರಿಯಾಪದಕ್ಕೆ ಆಯುವುದು, ಕೂಡಿಸುವುದು ಎಂಬ ಅರ್ಥಗಳ ಜೊತೆಗೆ ಓದುವುದು ಎಂಬ ಅರ್ಥವೂ ಇರುವುದರಿಂದ, ‘ಸೆಲೆಕ್ಟ್’, ‘ಕಲೆಕ್ಟ್’ಗಳಷ್ಟೇ ಅಲ್ಲ, ‘ಲೆಕ್ಚರ್’ ಕೂಡ ಇದೇ ಬಳಗಕ್ಕೆ ಸೇರುತ್ತದೆ. ಫ್ರೆಂಚ್ ಮೂಲಕ ಬಂದ ‘ಎಲೀಟ್’ ಸಹ ಮೂಲದಲ್ಲಿ ‘ಆಯ್ದವರು’ ಎಂಬುದೇ. ನಮ್ಮ ‘ಆಯ್ಕೆ’ಯೂ ಹೂವು, ಕಾಳು ಆಯುವ ‘ಆಯ್’ ಧಾತುವಿನಿಂದಲೇ ಹುಟ್ಟಿದ್ದು ಎಂಬುದು ನನಗೆ ಬಹಳ ಹಿಡಿಸಿದ ಸಾಮ್ಯ.