ಗಂಡನ ಟೆಸ್ಟ್ ಆಗೇತೇನವ್ವ?

ಪ್ರಶ್ನೆ: ಮೇಡಂ, ನನಗ 28 ವರ್ಷ, ಮದುವಿಯಾಗಿ ನಾಲ್ಕು ವರ್ಷ ಆತು, ಇನ್ನೂ ಮಕ್ಕಳಾಗಿಲ್ಲ. ಪಿರಿಯಡ್ಸ್ ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ಮೂರು ತಿಂಗಳಾದ್ರೂ ಬರಂಗಿಲ್ಲ. ಸ್ಕ್ಯಾನಿಂಗ್‌ನಾಗ ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಅಂದ್ರು, ಥೈರಾಯ್ಡ್ ಗುಳಿಗಿನೂ ಬರೆದು ಕೊಟ್ಟಿದ್ರು. ತೂಕ 78 ಕೆಜಿ. ಒಂದು ವರ್ಷದಿಂದ ನಾಟಿ ವೈದ್ಯರ ಪುಡಿ ಹಾಲಿನಾಗ ಕಲಿಸ್ಕೊಂಡು ಕುಡಿಯಾಕತ್ತೀನಿ, ಇಂಗ್ಲಿಷ್ ಗುಳಿಗಿ ಬಿಟ್ರನ ಇದು ಹತ್ತೋದು ಅಂದ್ರು, ಬಿಟ್ಟೀನಿ. ಮೊನ್ನೆ ನೆಗೆಣ್ಣಿ ಕುಬಸದಾಗ ಆರತಿ ತಟ್ಟಿ ಹಿಡ್ಕೊಂಡಿದ್ದೆ, ನಮ್ಮ ಅತ್ತಿ ಬಂದು ಎಲ್ಲಾರ ಮುಂದ ಇಸ್ಕೊಂಡು ಬ್ಯಾರೆಯವರ ಕೈಗೆ ಕೊಟ್ರು. ಮನಿಯವರು ರೈಸ್ ಮಿಲ್‌ನಾಗ ಬಾಯ್ಲರ್ ಹತ್ರ ಕೆಲಸ ಮಾಡ್ತಾರ, ಅವರದೇನೂ ತೊಂದ್ರಿ ಇಲ್ಲ. ಪುಡಿ ಮುಂದುವರಿಸ್ಲೇನ್ರಿ?
(ಹೆಸರು ಬ್ಯಾಡ, ಸಿಂಧನೂರು)

ಉತ್ತರ: ತಂಗಿ, ನಿನ್ನ ಕಾಗದದಾಗ ನಾ ಎರಡು ಸಲ ಓದಿದ್ದು "ಅವರದೇನೂ ತೊಂದ್ರಿ ಇಲ್ಲ" ಅನ್ನೋ ಸಾಲು. ಅದನ್ನ ಹೇಳಿದವ್ರು ಯಾರು? ಯಾವ ಲ್ಯಾಬಿನ ರಿಪೋರ್ಟ್ ಐತಿ? ಇಲ್ಲಂದ್ರ ನಾಳೆ ಮೊದಲು ಆಗಬೇಕಾದ್ದು ಅದು. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕೆಲವು ನೂರು ರೂಪಾಯಿ ಅಷ್ಟ, ಎರಡರಿಂದ ಏಳು ದಿನ ಸಂಬಂಧ ಇಲ್ದಂಗ ಇದ್ದು ಸ್ಯಾಂಪಲ್ ಕೊಟ್ರಾತು. ಮಕ್ಕಳಾಗದ ಜೋಡಿಗಳೊಳಗ ಮೂರರಲ್ಲಿ ಒಂದು ಪಾಲಿಗಂತೂ ಗಂಡಸಿನ ಕಡೆಯಿಂದನೂ ಕಾರಣ ಇರ್ತಾವು. ಆದ್ರ ನಮ್ಮ ಕಡೆ ಹೆಣ್ಮಗಳಿಗೆ ಹತ್ತು ಸ್ಕ್ಯಾನಿಂಗ್ ಆಗಿರ್ತಾವು, ಗಂಡ ಹೊರಗ ಬೈಕ್ ಮ್ಯಾಲೆ ಕುಂತು ಮೊಬೈಲ್ ನೋಡ್ತಿರ್ತಾನ! ಅದರಾಗ ನಿಮ್ಮವರದು ಬಾಯ್ಲರ್ ಕೆಲಸ. ವೃಷಣ ಮೈಗಿಂತ ಎರಡು-ಮೂರು ಡಿಗ್ರಿ ತಂಪಿದ್ರನ ವೀರ್ಯಾಣು ಚಲೋ ತಯಾರಾಗ್ತಾವು, ದಿನಾ ಬೆಂಕಿ ಮುಂದ ನಿಂತ್ರ ಸಂಖ್ಯೆ ಕಡಿಮಿಯಾಗಬಹುದು, ಗುಟ್ಕಾ ಸಿಗರೇಟು ಇದ್ರ ಅದೂ ಕೂಡ್ತು. ಒಂದು ವೀರ್ಯಾಣು ತಯಾರಾಗಾಕ ಸುಮಾರು ಎರಡೂವರಿ ತಿಂಗಳು ಬೇಕು, ಹಂಗಾಗಿ ಮಿಲ್‌ನಾಗ ಕೆಲಸದ ಜಾಗ ಬದಲಿಸಿದ್ರೂ ಗುಟ್ಕಾ ಬಿಟ್ರೂ ಫರಕ್ ಕಾಣೋದು ಮೂರು ತಿಂಗಳ ಮ್ಯಾಲೆ.

ಇನ್ನ ನಿನ್ನ ಮಾತು. ಪುಡಿಗಿಂತ ನನಗ ಹೆಚ್ಚು ಸಿಟ್ಟು ಬಂದಿದ್ದು ಥೈರಾಯ್ಡ್ ಗುಳಿಗಿ ಬಿಡಿಸಿದ್ದಕ್ಕ. ಥೈರಾಯ್ಡ್ ಕಡಿಮಿ ಇದ್ರ ಮೊಟ್ಟೆ ಸರಿಯಾಗಿ ಬಿಡುಗಡೆ ಆಗಂಗಿಲ್ಲ, ಬಸುರು ನಿಂತ್ರೂ ಹೋಗೋ ಅಪಾಯ ಐತಿ. ಈ ವಾರನ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ ಡಾಕ್ಟರ್‌ಗೆ ತೋರಿಸಿ ಮತ್ತ ಶುರು ಮಾಡು, ಬೆಳಿಗ್ಗೆ ಬರೇ ಹೊಟ್ಟಿಲೆ, ಚಾ ಕುಡಿಯೋಕ ಅರ್ಧ-ಒಂದು ತಾಸು ಮೊದ್ಲು. ಪುಡಿಯೊಳಗ ಏನೈತಿ ಅಂತ ಕೇಳು. ಶತಾವರಿ, ಅಶೋಕ ಅಂತ ಹೆಸರು ಹೇಳಿದ್ರ ಸರಿ, ಅವು ಆಯುರ್ವೇದದಾಗ ಹಿಂದಿನಿಂದ ಬಳಸ್ತಾ ಬಂದ ಬೇರು ತೊಗಟಿ, ಆದ್ರ ಪಿಸಿಓಡಿಗೆ ಅವುಗಳಿಂದ ಮಕ್ಕಳಾಗ್ತಾವು ಅಂತ ಗಟ್ಟಿ ಪುರಾವೆ ಇಲ್ಲ. "ಗುಟ್ಟು, ಹೇಳಂಗಿಲ್ಲ" ಅಂದ್ರ ಅವತ್ತಿಗೇ ನಿಲ್ಲಿಸು, ಯಾಕಂದ್ರ ಕೆಲವು ಭಸ್ಮದಾಗ ಸೀಸ, ಪಾದರಸ ಇರ್ತಾವು, ಅವು ಹೊಟ್ಟಿಯೊಳಗಿನ ಕೂಸಿಗೆ ಕೆಟ್ಟವು.

ಪಿಸಿಓಡಿಗೆ ಖರೇ ಮನಿಮದ್ದು ಅಂದ್ರ ತೂಕ. 78ರಾಗ ನಾಲ್ಕು ಕೆಜಿ ಇಳಿದ್ರೂ ಎಷ್ಟೋ ಮಂದಿಗೆ ಡೇಟ್ ತಾನಾಗೇ ಸರಿ ಬರ್ತೈತಿ, 20 ಕೆಜಿ ಇಳಿಸಬೇಕಂತಿಲ್ಲ. ಕಾಲುವಿ ನೀರು ಬಂದ ಮ್ಯಾಲೆ ನಮ್ಮ ಕಡೆ ಮೂರು ಹೊತ್ತೂ ಅನ್ನನ ಆತು ನೋಡು, ಒಂದು ಹೊತ್ತರ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ ಮಾಡ್ಕೊ, ಸಂಜಿಮುಂದ ಅರ್ಧ ತಾಸು ಬಿರಬಿರ ನಡಿ. ಯೋಗ ಮಾಡಿದ್ರೂ ಒಳ್ಳೇದ, ತೂಕಕ್ಕೂ ಮನಸ್ಸಿಗೂ. ಅಷ್ಟಾದ್ರೂ ಮೊಟ್ಟೆ ಬಿಡುಗಡೆ ಆಗ್ಲಿಲ್ಲಂದ್ರ ಲೆಟ್ರೊಜೋಲ್ ಅನ್ನೋ ಗುಳಿಗಿ ಐತಿ, ಪಿಸಿಓಡಿಗೆ ಮೊದಲು ಕೊಡೋದು ಅದನ್ನ, ಐವಿಎಫ್ (ಲ್ಯಾಬಿನಾಗ ಮೊಟ್ಟೆ, ವೀರ್ಯಾಣು ಕೂಡಿಸೋದು) ದೂರದ ಮಾತು. ಫೋಲಿಕ್ ಆಸಿಡ್ ದಿನಾ 400 ಮೈಕ್ರೋಗ್ರಾಂ ಈಗಿಂದನ ತಗೊ.

ಅತ್ತಿ ಕೈಯಾಗ ಗಂಡನ ರಿಪೋರ್ಟೂ ಇಡು, ನಿನ್ನದೂ ಇಡು. ಆರತಿ ತಟ್ಟಿ ಮಾತು ಆಮ್ಯಾಲೆ ಆಡೋಣಂತ.

ಪ್ರಶ್ನೆ: ನನ್ನ ಹೆಂಡ್ತಿಗೆ 32. ಎಕ್ಸ್‌ರೇ ಟೆಸ್ಟ್‌ನಾಗ ಎರಡೂ ಟ್ಯೂಬ್ (ಗರ್ಭಕೋಶಕ್ಕ ಮೊಟ್ಟೆ ಬರೋ ನಳಿಕಿ) ಬ್ಲಾಕ್ ಅಂದ್ರು. ಎಣ್ಣಿ ಹಚ್ಚಿ ಹೊಟ್ಟಿ ತಿಕ್ಕಿಸಿದ್ರ ತೆರೀತಾವು ಅಂತ ಊರಾಗ ಹೇಳ್ತಾರ, ಖರೆನಾ? (ಗಂಗಾವತಿ)

ಉತ್ತರ: ಇಲ್ರಿ. ಟ್ಯೂಬ್ ಒಳಗ ಆದ ಗಾಯದ ಗುರುತು ಹೊರಗಿಂದ ತಿಕ್ಕಿದ್ರ ಹೋಗಂಗಿಲ್ಲ. ಆದ್ರ ಎಚ್‌ಎಸ್‌ಜಿ ಅನ್ನೋ ಈ ಟ್ಯೂಬಿನ ಎಕ್ಸ್‌ರೇನಾಗ ಬ್ಲಾಕ್ ಅಂತ ಬಂದಿದ್ದೆಲ್ಲಾ ಖರೇ ಬ್ಲಾಕ್ ಅಲ್ಲ, ಟೆಸ್ಟ್ ಹೊತ್ತಿನಾಗ ನೋವಿಗೆ ಟ್ಯೂಬಿನ ಬಾಯಿ ಬಿಗಿ ಹಿಡ್ಕೊಂಡ್ರೂ ಹಂಗ ಕಾಣ್ತೈತಿ, ಲ್ಯಾಪರೋಸ್ಕೋಪಿ (ಹೊಟ್ಟಿಗೆ ಸಣ್ಣ ತೂತು ಹಾಕಿ ಕ್ಯಾಮೆರಾದಿಂದ ನೋಡೋದು) ಮಾಡಿದ್ರ ಗೊತ್ತಾಗ್ತೈತಿ. ಇನ್ನೊಂದು, ನಮ್ಮ ದೇಶದಾಗ ಟ್ಯೂಬ್ ಕೆಡಸೋದ್ರಾಗ ಟಿಬಿ ದೊಡ್ಡ ಕಾರಣ. ಕೆಮ್ಮು ಇಲ್ಲ, ಜ್ವರ ಇಲ್ಲ, ಸುಮ್ಮನ ಗರ್ಭಕೋಶದಾಗ ಕುಂತಿರ್ತೈತಿ. ಗರ್ಭಕೋಶದ ಪದರ ತಗದು ಟಿಬಿ ಟೆಸ್ಟ್ ಮಾಡ್ಸಿರೇನ್ರಿ? ಬಂದ್ರ ಗಾಬರಿ ಬ್ಯಾಡ, ಗುಳಿಗಿ ಸರ್ಕಾರಿ ದವಾಖಾನಿಯಾಗ ಪುಕ್ಕಟೆ, ಸಾಮಾನ್ಯವಾಗಿ ಆರು ತಿಂಗಳ ಕೋರ್ಸ್. ಟ್ಯೂಬ್ ಪೂರ್ತಿ ಕೆಟ್ಟಿದ್ರ ಐವಿಎಫ್ ದಾರಿ, ಅದಕ್ಕ ಟ್ಯೂಬ್ ಬೇಕಾಗಿಲ್ಲ.

ಆಯುರ್ವೇದದ ಉತ್ತರ ಬಸ್ತಿ ಬಗ್ಗೆಯೂ ಯಾರಾದ್ರೂ ಹೇಳಿರ್ತಾರ, ಔಷಧಿ ಎಣ್ಣಿ ಗರ್ಭಕೋಶದೊಳಗ ಬಿಡೋದು. ಪುರಾವೆ ಕಡಿಮಿ, ಸೋಂಕು ತಗಲೋ ಭಯ ಐತಿ. ಕೇಳಬೇಕಂದ್ರ ಬಳ್ಳಾರಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಕಡೆ ಓದಿದವ್ರನ್ನ ಕೇಳ್ರಿ, ಅದೂ ಟಿಬಿ, ಸೋಂಕು ಇಲ್ಲಂತ ಖಾತ್ರಿಯಾದ ಮ್ಯಾಲೆ. ಮನಿಗೆ ಬಂದು ಮಾಡ್ತೀನಿ ಅಂದವರನ್ನ ಬಾಗಿಲದಾಗ ನಿಲ್ಲಿಸ್ರಿ.

ಪ್ರಶ್ನೆ: ಸೊಸಿಗೆ 38, ಮದುವಿಯಾಗಿ ಎರಡು ವರ್ಷ ಆತು. ಹುಲಿಗೆಮ್ಮಗ ಹರಕಿ ಹೊತ್ತೀವಿ, ಇನ್ನೊಂದು ವರ್ಷ ನೋಡೋಣಂತೀವಿ. (ಕೊಪ್ಪಳ)

ಉತ್ತರ: ಹರಕಿ ಇರ್ಲಿ ಅವ್ವಾರೆ, ವರ್ಷ ಕಾಯೋದು ಮಾತ್ರ ಬ್ಯಾಡ. 35 ದಾಟಿದವರು ಆರು ತಿಂಗಳು ನೋಡಿ ಡಾಕ್ಟರ್ ಹತ್ರ ಹೋಗಬೇಕು, ನಿಮ್ಮ ಸೊಸಿಗೆ ಆ ಟೈಮ್ ದಾಟಿ ಹೋಗೇತಿ. 2021ರ ಕಾನೂನಿನ ಪ್ರಕಾರ ಹೆಣ್ಮಕ್ಕಳಿಗೆ 50 ವರ್ಷದ ತನಕ ಐವಿಎಫ್ ಮಾಡಬಹುದು ಖರೆ, ಆದ್ರ ಮೊಟ್ಟೆ ಕಾನೂನು ಕೇಳಂಗಿಲ್ಲ, 40ರ ನಂತರ ಸ್ವಂತ ಮೊಟ್ಟೆಯಿಂದ ಆಗೋ ಚಾನ್ಸ್ ಭಾಳ ಇಳೀತೈತಿ. ಮಂಗಳವಾರ ಹುಲಗಿಗೆ ಹೋಗ್ರಿ, ಬುಧವಾರ ಮಗ-ಸೊಸಿ ಇಬ್ಬರನ್ನೂ ಕರ್ಕೊಂಡು ದವಾಖಾನಿಗೆ ಹೋಗ್ರಿ, ಮೊಟ್ಟೆ ಎಷ್ಟು ಉಳಿದಾವು ಅಂತ ಅಂದಾಜು ಹೇಳೋ ಎಎಂಎಚ್ ರಕ್ತಪರೀಕ್ಷೆ ಆಕಿಗೆ, ವೀರ್ಯ ಪರೀಕ್ಷೆ ಅವನಿಗೆ, ಒಂದ ದಿನ.